ಕೇಪಳದ ಹೂವಿಗೆ ನಾಲ್ಕೇ ಎಸಳು ಯಾಕೆ?

ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ, ಎಲೆ, ಹೂವು, ತೊಗಟೆ, ಬಲೆಗಳ ಆಕಾರ ನೋಡಲು ಬಿಡಿ ಎಂದು ಕಳೆದ ತಿಂಗಳು ಇದೇ ಅಂಕಣದಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಹೆಚ್ಚಾಗಿ ನಮ್ಮ ಮಲೆನಾಡಿನವೇ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಉದ್ದದ ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕಾ, ನಾವಿರುವುದು ಶಿವಮೊಗ್ಗದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ಮಗಳಿಗೆ ಆರು ವರ್ಷ. ತೋಟ ಇಲ್ಲ, ಅಂಗಳ ಇಲ್ಲ, ಬಾಲ್ಕನಿಯಲ್ಲಿ ಒಂದು ತುಳಸಿ ಇದೆ ಅಷ್ಟೇ. ನನಗೆ ಗಿಡಮರಗಳ ಹೆಸರೂ ಅಷ್ಟಾಗಿ ಗೊತ್ತಿಲ್ಲ. ಅವಳು ಏನಾದರೂ ಕೇಳಿದರೆ ಏನು ಹೇಳುವುದು ಅಂತ ಭಯ. ಎಲ್ಲಿಂದ ಶುರು ಮಾಡಲಿ?
(ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ಅಡುಗೆಮನೆಯಿಂದ ಶುರು ಮಾಡಿ. ದಿನಾ ತರಕಾರಿ ಹೆಚ್ಚುತ್ತೀರಲ್ಲ, ಅಷ್ಟು ಸಾಕು.

ಬೆಂಡೆಕಾಯಿಯನ್ನು ಅಡ್ಡಕ್ಕೆ ಹೆಚ್ಚಿದಾಗ ಒಂದು ಬಿಲ್ಲೆ ಅವಳ ಕೈಗೆ ಕೊಡಿ. ಸಾಮಾನ್ಯವಾಗಿ ಐದು ಮೂಲೆ, ಒಳಗೆ ಐದು ಕೋಣೆ, ಕೋಣೆಯಲ್ಲಿ ಬೀಜ. ಸೌತೆಕಾಯಿ ಬಿಲ್ಲೆಯಲ್ಲಿ ಮೂರು ಭಾಗ ಕಾಣುತ್ತದೆ. ಬಾಳೆಹಣ್ಣಿನ ಸಿಪ್ಪೆ ಸುಲಿದು ತುದಿಗೆ ಮೆಲ್ಲಗೆ ಬೆರಳು ಒತ್ತಿದರೆ ಹಣ್ಣು ಉದ್ದಕ್ಕೆ ಮೂರು ಸೀಳಾಗಿ ಬಿಡಿಸಿಕೊಳ್ಳುತ್ತದೆ. ಸೇಬನ್ನು ನಾವು ಯಾವಾಗಲೂ ಉದ್ದಕ್ಕೆ ಕೊಯ್ಯುತ್ತೇವೆ. ಒಮ್ಮೆ ಅಡ್ಡಕ್ಕೆ ಕೊಯ್ದು ತೋರಿಸಿ, ನಡುವೆ ಐದು ಮೂಲೆಯ ನಕ್ಷತ್ರ ಇರುತ್ತದೆ. ಬೆಂಡೆ ದಾಸವಾಳದ ಬಳಗದ ಗಿಡ, ಅದರ ಹೂವಿಗೂ ಐದೇ ಎಸಳು. ಹೂವಿನ ಲೆಕ್ಕ ಕಾಯಿಗೂ ಬಂದಿದೆ ಅಲ್ವಾ ಅಂತ ನೀವು ಮೊದಲೇ ಹೇಳಬೇಡಿ. ಕೆಲವು ದಿನ ಕಾಯಿರಿ, ಅವಳೇ ಬಂದು ಹೇಳುತ್ತಾಳೆ.

ಇನ್ನೊಂದು ಬಾಳೆದಿಂಡು. ಮಾರ್ಕೆಟ್ಟಿನಲ್ಲಿ ಕೊಳ್ಳುವಾಗ ಹೊರಗಿನ ಒಂದೆರಡು ಪಟ್ಟೆ ತೆಗೆಯದೆ ಹಾಗೇ ಕೊಡಿ ಅಂತ ಕೇಳಿ. ಆ ಪಟ್ಟೆಯನ್ನು ಅಡ್ಡಕ್ಕೆ ಕೊಯ್ದು ಕಿಟಕಿಯ ಬೆಳಕಿಗೆ ಹಿಡಿದರೆ, ಸಾಲಾಗಿ ಸಣ್ಣ ಸಣ್ಣ ಖಾಲಿ ಕೋಣೆಗಳು, ನಡುವೆ ತೆಳ್ಳನೆ ಗೋಡೆಗಳು. ಬಾಳೆಗೆ ಮರದ ಕಾಂಡವೇ ಇಲ್ಲ. ನಾವು ಕಾಂಡ ಅನ್ನುವುದು ಎಲೆಗಳ ಬುಡ ಒಂದರ ಮೇಲೊಂದು ಸುತ್ತಿಕೊಂಡದ್ದು. ಒಳಗೆ ಗಾಳಿ ತುಂಬಿರುವುದರಿಂದಲೇ ಅಷ್ಟೆತ್ತರ ನಿಂತರೂ ಭಾರ ಕಡಿಮೆ. ಆಮೇಲೆ ಒಳಗಿನ ಬಿಳಿ ದಿಂಡನ್ನು ಬಿಲ್ಲೆ ಮಾಡುವಾಗ ನೂಲು ಬರುತ್ತದಲ್ಲ, ಅದನ್ನು ಬೆರಳಿಗೆ ಸುತ್ತುವ ಕೆಲಸ ಮಗಳಿಗೇ ಕೊಡಿ. ಆ ನೂಲು ಗಿಡದೊಳಗೆ ನೀರು ಹೋಗುವ ಕೊಳವೆಯ ಒಳಗಿನ ಸುರುಳಿ. ಎಳೆದಾಗ ಬಿಚ್ಚಿಕೊಂಡು ಬರುತ್ತದೆ.

ನಿಮ್ಮ ಒಂದು ತುಳಸಿಯೂ ಕಡಿಮೆಯೇನಲ್ಲ. ಮೇಲಿನಿಂದ ಬಗ್ಗಿ ನೋಡಲು ಹೇಳಿ. ಎಲೆ ಜೋಡಿಜೋಡಿಯಾಗಿ ಇರುತ್ತವೆ, ಒಂದು ಜೋಡಿ ಪೂರ್ವ–ಪಶ್ಚಿಮಕ್ಕಿದ್ದರೆ ಅದರ ಕೆಳಗಿನದು ಉತ್ತರ–ದಕ್ಷಿಣಕ್ಕೆ. ಮೇಲಿನ ಎಲೆಯ ನೆರಳು ನೇರ ಕೆಳಗಿನ ಎಲೆಯ ಮೇಲೆ ಬೀಳುವುದು ಕಡಿಮೆಯಾಗುತ್ತದೆ. ಪಕ್ಕದ ಮನೆಯ ದಾಸವಾಳ ಹೀಗಿಲ್ಲ, ಅದರಲ್ಲಿ ಒಂದು ಗಿಣ್ಣಿಗೆ ಒಂದೇ ಎಲೆ. ಎರಡನ್ನೂ ಚಿತ್ರ ಬರೆಯಲಿ.

ಹೆಸರಿನ ವಿಷಯ. ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ, ಭಯ ಯಾಕೆ? ನಿಜ ಹೇಳಬೇಕೆಂದರೆ ಹೆಸರು ಹೇಳಿದ ಕೂಡಲೇ ಎಷ್ಟೋ ಮಕ್ಕಳು ನೋಡುವುದನ್ನು ನಿಲ್ಲಿಸಿಬಿಡುತ್ತಾರೆ, ಹೆಸರು ಸಿಕ್ಕಿತು, ಕೆಲಸ ಮುಗಿಯಿತು ಅನ್ನುವ ಹಾಗೆ. "ಎಷ್ಟಿವೆ ಎಣಿಸು", "ಎಲ್ಲಿಂದ ಹುಟ್ಟಿದೆ ನೋಡು", "ಮುಟ್ಟಿದರೆ ಹೇಗಿದೆ" ಎಂದು ಕೇಳಿ. ಒಂದು ಆಕಾರ ಹಾಗೆ ಯಾಕಿದೆ ಅನ್ನುವುದಕ್ಕೆ ಉತ್ತರ ಹೆಚ್ಚಾಗಿ ಅದು ಬೆಳೆದ ರೀತಿಯಲ್ಲೋ, ಅದು ಮಾಡುವ ಕೆಲಸದಲ್ಲೋ ಇರುತ್ತದೆ. ಅದನ್ನು ಹುಡುಕಲು ಹೆಸರು ಬೇಕಾಗಿಲ್ಲ.

ಗೆರೆ ಇಲ್ಲದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಬಣ್ಣ ತುಂಬುವ ಪುಸ್ತಕ ಬೇಡ, ಅದರಲ್ಲಿ ನೋಡುವ ಕೆಲಸವನ್ನು ಯಾರೋ ಮೊದಲೇ ಮಾಡಿ ಮುಗಿಸಿರುತ್ತಾರೆ. ಮಗಳ ಚಿತ್ರ ಸರಿಯಿಲ್ಲ ಅನಿಸಿದರೆ ರಬ್ಬರ್ ತೆಗೆದುಕೊಳ್ಳಬೇಡಿ, ಇನ್ನೊಂದು ಸಲ ಎಲೆ ನೋಡು ಅನ್ನಿ. ಭಾನುವಾರ ಸಂಜೆ ಯಾವುದಾದರೂ ಅಶ್ವತ್ಥಕಟ್ಟೆಗೆ ಕರೆದುಕೊಂಡು ಹೋಗಿ, ಬಿದ್ದ ಎಲೆ ನಾಲ್ಕಾರು ತನ್ನಿ. ಬಕೆಟ್ ನೀರಿನಲ್ಲಿ ಮೂರ್ನಾಲ್ಕು ವಾರ ನೆನೆಹಾಕಿ, ಆಗಾಗ ನೀರು ಬದಲಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆತ್ತಗೆ ಉಜ್ಜಿದರೆ ಹಸಿರೆಲ್ಲ ಹೋಗಿ ನರಗಳ ಜಾಲ ಮಾತ್ರ ಉಳಿಯುತ್ತದೆ. ದಪ್ಪ ನರದಿಂದ ಸಣ್ಣದು, ಸಣ್ಣದರಿಂದ ಇನ್ನೂ ಸಣ್ಣದು. ವಾಸನೆ ಬರುತ್ತದೆ, ಬಾಲ್ಕನಿಯಲ್ಲೇ ಇಡಿ.

ಪ್ರಶ್ನೆ: ನಮಸ್ಕಾರ ಮೇಡಂ. ಮಗ ಏಳನೇ ಕ್ಲಾಸು. ಎಲ್ಲ ಹೂವಿನ ಎಸಳೂ ಫಿಬೊನಾಚಿ ಸಂಖ್ಯೆಯಲ್ಲೇ, ಅಂದರೆ ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ 3, 5, 8, 13 ಹೀಗೆ ಇರುತ್ತವೆ ಅಂತ ಯಾವುದೋ ವಿಡಿಯೋದಲ್ಲಿ ನೋಡಿದ್ದ. ಮನೆ ಹಿಂದಿನ ಬೇಲಿಯ ಕೇಪಳ ಎಣಿಸಿದರೆ ನಾಲ್ಕು. ಒಂದು ಗೊಂಚಲು ಪೂರ್ತಿ ಎಣಿಸಿದ, ಎಲ್ಲ ನಾಲ್ಕೇ. ಈಗ ವಿಡಿಯೋ ಸುಳ್ಳೋ ಹೂವು ತಪ್ಪೋ ಅಂತ ನನ್ನ ತಲೆ ತಿನ್ನುತ್ತಿದ್ದಾನೆ.
(ಒಬ್ಬ ತಂದೆ, ಸಾಗರ)

ಉತ್ತರ: ಹೂವು ಸರಿ. ಮಗನೂ ಸರಿ. ವಿಡಿಯೋದವರು "ಎಲ್ಲ" ಅಂದದ್ದು ತಪ್ಪು.

ಕೇಪಳಕ್ಕೆ ನಾಲ್ಕು ಎಸಳು, ಸಾಸಿವೆ ಹೂವಿಗೂ ನಾಲ್ಕು. ಮಳೆಗಾಲದಲ್ಲಿ ಬೇಲಿಯ ಮೇಲೆ ಅರಳುವ ಗೌರಿ ಹೂವಿಗೆ ಆರು. ಪಾರಿಜಾತವನ್ನಂತೂ ಬೆಳಿಗ್ಗೆ ನೆಲದ ಮೇಲಿಂದ ಹೆಕ್ಕಿ ಎಣಿಸಲಿ, ಒಂದೇ ಮರದಲ್ಲಿ ಐದು, ಆರು, ಏಳು, ಎಂಟು ಎಲ್ಲವೂ ಸಿಗುತ್ತವೆ. ಹೂವಿನ ಎಸಳಿನ ಲೆಕ್ಕ ಆ ಗಿಡದ ಕುಟುಂಬಕ್ಕೆ ಸೇರಿದ್ದು. ಬಾಳೆ, ಅಡಿಕೆ, ಲಿಲ್ಲಿಗಳ ಕಡೆಯವರಲ್ಲಿ ಮೂರರ ಲೆಕ್ಕ ಜಾಸ್ತಿ, ಉಳಿದವುಗಳಲ್ಲಿ ಹೆಚ್ಚಾಗಿ ನಾಲ್ಕು ಇಲ್ಲವೇ ಐದು. ಐದು ಎಸಳಿನ ಹೂವು ಬಹಳ ಇರುವುದರಿಂದ ಫಿಬೊನಾಚಿ ಮಾತು ನಿಜ ಅನಿಸಿಬಿಡುತ್ತದೆ. ಒಂದು ಗೊಂಚಲು ಪೂರ್ತಿ ಎಣಿಸಿ, ಕೇಳಿದ್ದನ್ನು ಅನುಮಾನಿಸಿದ ಹುಡುಗನ ಬೆನ್ನು ತಟ್ಟಿ. ಇದಕ್ಕಿಂತ ದೊಡ್ಡ ವಿಜ್ಞಾನ ಪಾಠ ಏಳನೇ ಕ್ಲಾಸಿಗೆ ಬೇಕಾಗಿಲ್ಲ.

ಹಾಗಂತ ಫಿಬೊನಾಚಿ ಪೂರ್ತಿ ಸುಳ್ಳಲ್ಲ, ಹುಡುಕಬೇಕಾದ ಜಾಗ ಬೇರೆ. ಒಂದು ಅನಾನಸ್ ತನ್ನಿ, ಸೊರಬ–ಸಾಗರದ ಕಡೆ ಅದಕ್ಕೇನು ಬರ. ಅದರ ಒಂದೊಂದು ಕಣ್ಣೂ ಒಂದೊಂದು ಹೂವಾಗಿದ್ದದ್ದು. ಕಣ್ಣುಗಳು ಓರೆಯಾಗಿ ಸಾಲು ಹಿಡಿದು ಮೇಲೇರುತ್ತವೆ. ಒಂದು ಸಾಲಿಗೆ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿ ಅಲ್ಲಿಂದ ಸುತ್ತ ಎಣಿಸುತ್ತಾ ಬಂದರೆ ಒಂದು ಕಡೆಗೆ ಓರೆಯಾದ ಸಾಲು ಸಾಮಾನ್ಯವಾಗಿ 8, ಇನ್ನೊಂದು ಕಡೆಗೆ 13. ಗುರುತು ಹಾಕದಿದ್ದರೆ ಎಣಿಕೆ ಖಂಡಿತಾ ತಪ್ಪುತ್ತದೆ.

ಯಾಕೆ ಹೀಗೆ? ಬೆಳೆಯುವ ತುದಿಯಲ್ಲಿ ಹೊಸ ಮೊಗ್ಗು ಹುಟ್ಟುವಾಗ, ಹಿಂದೆ ಹುಟ್ಟಿದವುಗಳಿಂದ ಆದಷ್ಟು ದೂರ, ಜಾಗ ಇರುವ ಕಡೆ ಹುಟ್ಟುತ್ತದೆ. ಹಾಗೆ ಹುಟ್ಟುತ್ತಾ ಹೋದರೆ ಒಂದರಿಂದ ಇನ್ನೊಂದಕ್ಕೆ ಸುಮಾರು 137.5 ಡಿಗ್ರಿ ತಿರುವು ಬರುತ್ತದೆ, ಆ ತಿರುವಿನಲ್ಲಿ ಸಾಲುಗಳನ್ನು ಎಣಿಸಿದರೆ ಈ ಸಂಖ್ಯೆಗಳೇ ಸಿಗುತ್ತವೆ. ಗಿಡಕ್ಕೆ ಲೆಕ್ಕ ಗೊತ್ತಿಲ್ಲ. ಜಾಗಕ್ಕಾಗಿ ನಡೆದ ಒತ್ತಾಟದಲ್ಲಿ ಆ ಸಂಖ್ಯೆ ಬಿದ್ದಿದೆ.

ಇನ್ನೊಂದು ವಿಷಯ ಅವನಿಗೆ ಹೇಳಲೇಬೇಕು. ಈ ಸಂಖ್ಯೆಗಳು ಕನ್ನಡ ಪಾಠದಲ್ಲೂ ಇವೆ! ಹೈಸ್ಕೂಲಿಗೆ ಹೋದ ಮೇಲೆ ಛಂದಸ್ಸಿನಲ್ಲಿ ಲಘು–ಗುರು ಬರುತ್ತದಲ್ಲ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯನ್ನು ಎಷ್ಟು ರೀತಿ ತುಂಬಬಹುದು? ಮೂರು ಲಘು, ಒಂದು ಗುರು ಒಂದು ಲಘು, ಒಂದು ಲಘು ಒಂದು ಗುರು, ಒಟ್ಟು 3. ನಾಲ್ಕು ಮಾತ್ರೆಗೆ 5 ರೀತಿ, ಐದು ಮಾತ್ರೆಗೆ 8. ಕಾಗದದ ಮೇಲೆ ಬರೆದು ನೋಡಲಿ. ಜೈನ ವಿದ್ವಾಂಸ ಹೇಮಚಂದ್ರ ಈ ಲೆಕ್ಕವನ್ನು ಸುಮಾರು 1150ರಲ್ಲೇ ವಿವರಿಸಿದ್ದ, ಅವನಿಗಿಂತ ಮೊದಲು ಛಂದಸ್ಸಿನ ಪಂಡಿತ ವಿರಹಾಂಕ ಹೇಳಿದ್ದ. ಇಟಲಿಯ ಫಿಬೊನಾಚಿ ಬರೆದದ್ದು 1202ರಲ್ಲಿ.

ಶಂಖ, ಬಸವನಹುಳುವಿನ ಚಿಪ್ಪು ಎಲ್ಲ "ಸುವರ್ಣ ಅನುಪಾತ" (ಪಕ್ಕಪಕ್ಕದ ದೊಡ್ಡ ಫಿಬೊನಾಚಿ ಸಂಖ್ಯೆಗಳನ್ನು ಭಾಗಿಸಿದರೆ ಸಿಗುವ ಸುಮಾರು 1.618) ಎಂದು ಹೇಳುವ ವಿಡಿಯೋ ಮುಂದೆ ಬಂದರೂ ಬರಬಹುದು. ಅದನ್ನೂ ನಂಬುವುದು ಬೇಡ. ಚಿಪ್ಪು ಬಾಯಿಯ ಅಂಚಿನಲ್ಲಿ ಮಾತ್ರ ಬೆಳೆಯುತ್ತದೆ, ಹುಳು ದೊಡ್ಡದಾದ ಹಾಗೆ ಬಾಯಿಯೂ ಅಗಲ ಆಗುತ್ತಾ ಸುತ್ತಿಕೊಳ್ಳುತ್ತದೆ, ಅದಕ್ಕೇ ಸುರುಳಿ. ಎಷ್ಟು ಬಿಗಿ, ಎಷ್ಟು ಸಡಿಲ ಅನ್ನುವುದು ಜಾತಿಯಿಂದ ಜಾತಿಗೆ ಬೇರೆ.

ಪ್ರಶ್ನೆ: ತಂಗೀ, ನನಗೆ ಎಪ್ಪತ್ತು ದಾಟಿತು. ಹೊಸನಗರದ ಹತ್ತಿರ ಅಡಿಕೆ ತೋಟ. ಡಿಸೆಂಬರ್ ರಜೆಗೆ ಮೊಮ್ಮಗ ಬೆಂಗಳೂರಿಂದ ಬರುತ್ತಾನೆ, ಹತ್ತು ವರ್ಷ. ತೋಟಕ್ಕೆ ಕರೆದರೆ ಬೋರ್ ಅನ್ನುತ್ತಾನೆ, ಕೈಯಲ್ಲಿ ಮೊಬೈಲು. ನಾನು ಹೇಳುವುದೆಲ್ಲ ಅವನಿಗೆ ಪಾಠದ ಹಾಗೆ ಕೇಳಿಸುತ್ತದೋ ಏನೋ. ಏನು ಮಾಡಲಿ?
(ಒಬ್ಬ ಅಜ್ಜ, ಹೊಸನಗರ)

ಉತ್ತರ: ರಾಯರೇ, ನಿಮ್ಮ ತೋಟದ ಬಗ್ಗೆ ನಾನು ನಿಮಗೆ ಹೇಳುವುದು ಏನೂ ಇಲ್ಲ. ಮೊಮ್ಮಗನಿಗೆ ಹೇಳಬೇಡಿ, ಕೆಲಸ ಕೊಡಿ. ಉತ್ತರ ನಿಮಗೆ ಗೊತ್ತಿರುವ, ಅವನು ಎಣಿಸಿ ಹುಡುಕಬೇಕಾದ ಕೆಲಸ.

ಯಾವ ಮರ ಯಾವ ವರ್ಷ ನೆಟ್ಟದ್ದು ಅಂತ ನಿಮಗೆ ನೆನಪಿರುತ್ತದಲ್ಲ. ನಿಮ್ಮ ಕಣ್ಣಳತೆಯಲ್ಲಿರುವ ಒಂದು ಎಳೆಯ ಮರ ತೋರಿಸಿ, ಇದಕ್ಕೆ ಎಷ್ಟು ವಯಸ್ಸು ಹೇಳು ನೋಡೋಣ ಅನ್ನಿ. ಅಡಿಕೆ ಮರದ ಮೈಮೇಲಿನ ಉಂಗುರ ಒಂದೊಂದೂ ಉದುರಿದ ಒಂದೊಂದು ಸೋಗೆಯ, ಅಂದರೆ ಎಲೆಯ, ಗುರುತು, ವರ್ಷಕ್ಕೆ ಸುಮಾರು ಆರೇಳು. ಅವನು ಉಂಗುರ ಎಣಿಸಿ, ಭಾಗಿಸಿ ಹೇಳಲಿ. ಬುಡದ ಉಂಗುರ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಎಷ್ಟು ಹೆಚ್ಚುಕಮ್ಮಿ, ಯಾಕೆ ಅಂತ ಇಬ್ಬರೂ ಕೂತು ಮಾತಾಡಿ. ಆಮೇಲೆ ಹಳೆಯ ಮರದ ಹತ್ತಿರ ಕರೆದುಕೊಂಡು ಹೋಗಿ. ಕೆಳಗೆ ಉಂಗುರಗಳು ದೂರ ದೂರ, ಮೇಲೆ ಹೋದ ಹಾಗೆ ಹತ್ತಿರ ಹತ್ತಿರ. ಚಿಕ್ಕದಿದ್ದಾಗ ಮರ ಬೇಗ ಎತ್ತರ ಆಗಿದೆ, ಆಮೇಲೆ ನಿಧಾನ. ಇದನ್ನು ಹುಡುಗ ಒಬ್ಬನೇ ಕಂಡುಹಿಡಿದರೆ ಎಷ್ಟು ಚೆನ್ನ!

ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ, ಸಮಯಕ್ಕೇ ಬರುತ್ತಾನೆ. ಮರ ಹತ್ತಿ ಕೊಯ್ಯುವ ಕೊನೆಗೌಡರು ಮೇಲಿರುವಾಗ ದೂರ ನಿಲ್ಲಿಸಿ, ಕೊನೆ ಇಳಿದ ಮೇಲೆ ಒಂದನ್ನು ಎದುರಿಗೆ ಇಡಿ. ದಪ್ಪ ದಂಟಿನಿಂದ ಕವಲು, ಕವಲಿನಿಂದ ಎಳೆ, ಎಳೆಯಲ್ಲಿ ಕಾಯಿ. ಒಂದು ಕವಲಿನ ಕಾಯಿ ಎಣಿಸಿ ಇಡೀ ಕೊನೆಯಲ್ಲಿ ಎಷ್ಟಿರಬಹುದು ಅಂತ ಅಂದಾಜು ಹೇಳಲಿ, ಆಮೇಲೆ ಪೂರ್ತಿ ಬಿಡಿಸಿ ಎಣಿಸಲಿ.

ಬಳ್ಳಿಗಳನ್ನು ಮರೆಯಬೇಡಿ. ಕಾಳುಮೆಣಸು ಮರಕ್ಕೆ ಸುತ್ತುವುದಿಲ್ಲ, ಗಿಣ್ಣಿನ ಬೇರಿನಿಂದ ಕಚ್ಚಿಕೊಂಡು ಹತ್ತುತ್ತದೆ. ಅವರೆ, ಅಲಸಂಡೆ ಕೋಲಿಗೆ ಸುತ್ತುತ್ತವೆ, ಸುತ್ತುವುದು ಯಾವಾಗಲೂ ಒಂದೇ ಕಡೆಗೆ. ಬಿಡಿಸಿ ತಿರುವುಮುರುವು ಸುತ್ತಿದರೂ ಹೊಸ ಕುಡಿ ಮತ್ತೆ ಹಳೇ ದಿಕ್ಕನ್ನೇ ಹಿಡಿಯುತ್ತದೆ. ಕಾಡುಗೆಣಸಿನಲ್ಲಿ ಕೆಲವು ಜಾತಿ ಬಲಕ್ಕೆ, ಕೆಲವು ಎಡಕ್ಕೆ. ತೊಂಡೆ ಚಪ್ಪರದಲ್ಲಿ ಸ್ಪ್ರಿಂಗಿನಂಥ ಎಳೆ ಇರುತ್ತದಲ್ಲ, ಎರಡೂ ತುದಿ ಸಿಕ್ಕಿಕೊಂಡಿರುವ ಒಂದನ್ನು ಕಣ್ಣಿನ ಹತ್ತಿರ ತಂದು ನೋಡಿಸಿ. ಅರ್ಧದವರೆಗೆ ಒಂದು ಕಡೆ ಸುತ್ತಿ, ನಡುವೆ ಒಂಚೂರು ನೇರವಾಗಿ, ಆಮೇಲೆ ಉಲ್ಟಾ ಸುತ್ತಿರುತ್ತದೆ. ಎರಡೂ ತುದಿ ಕಟ್ಟಿದ ಮೇಲೆ ಒಂದೇ ಕಡೆ ಸುತ್ತಿದರೆ ಎಳೆ ಮುರುಟಿ ಹೋಗುತ್ತದೆ, ಅದಕ್ಕೆ ಅತ್ತ ಅಷ್ಟು ಇತ್ತ ಅಷ್ಟು. ಚಾರ್ಲ್ಸ್ ಡಾರ್ವಿನ್ ಈ ಬಳ್ಳಿಗಳ ಚಲನೆಯನ್ನೇ ಕೂತು ನೋಡಿ 1865ರಲ್ಲಿ ಬರೆದಿದ್ದ. ಹುಡುಗನ ಕೈಯಲ್ಲಿ ಮೊಬೈಲ್ ಇರಲಿ ಬಿಡಿ, ಆ ನಡುವಿನ ತಿರುವಿನ ಫೋಟೋ ತೆಗೆಯಲು ಅದೇ ಬೇಕು.

ಪ್ರಶ್ನೆ: ಮೇಡಂ, ನಾನು ಸೊರಬ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿ. ನಲಿ–ಕಲಿಯಿಂದ ಐದನೇ ತರಗತಿವರೆಗೆ ಇಬ್ಬರೇ ನೋಡಿಕೊಳ್ಳುತ್ತೇವೆ. ಆಕಾರಗಳ ಪಾಠಕ್ಕೆ ಪೇಟೆಯ ಪ್ಲಾಸ್ಟಿಕ್ ತ್ರಿಕೋನ, ಚೌಕಗಳೇ ಗತಿ. ದುಡ್ಡು ಖರ್ಚಿಲ್ಲದೆ, ಎಲ್ಲ ವಯಸ್ಸಿನವರನ್ನೂ ಸೇರಿಸಿ ಮಾಡುವಂಥದ್ದು ಏನಿದೆ?
(ಒಬ್ಬ ಶಿಕ್ಷಕಿ, ಸೊರಬ)

ಉತ್ತರ: ತೊಗಟೆಯಿಂದ ಶುರು ಮಾಡಿ ಟೀಚರ್, ಚಿಕ್ಕವರೂ ದೊಡ್ಡವರೂ ಒಟ್ಟಿಗೆ ಮಾಡಬಹುದು. ತೆಳ್ಳಗಿನ ಕಾಗದವನ್ನು ಮರಕ್ಕೆ ಒತ್ತಿ ಹಿಡಿದು ಮೇಲೆ ಕ್ರೇಯಾನ್ ಅಡ್ಡಲಾಗಿ ಉಜ್ಜುವುದು. ಒಬ್ಬರು ಹಿಡಿಯುವುದು, ಒಬ್ಬರು ಉಜ್ಜುವುದು. ಮತ್ತಿ ಮರದ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಚೌಕಚೌಕವಾಗಿ ಬಿರಿದಿರುತ್ತದೆ, ನಂದಿ ಮರದ್ದು ನುಣುಪು. ಎರಡರ ಅಚ್ಚನ್ನೂ ಗೋಡೆಗೆ ಅಂಟಿಸಿ, ಯಾವುದು ಯಾವ ಮರ ಅಂತ ಮಕ್ಕಳೇ ಹುಡುಕಿ ಮುಟ್ಟಿ ಬರಲಿ. ಬೂರುಗದ ಎಳೆಯ ಮರಕ್ಕೆ ಮುಳ್ಳಿರುತ್ತದೆ, ಅದನ್ನು ಉಜ್ಜುವುದು ಬೇಡ, ನೋಡಿದರೆ ಸಾಕು.

ಬೇಸಿಗೆಗೆ ಬೀಜ ಉದುರುತ್ತವೆ. ಮತ್ತಿಯ ಕಾಯಿಗೆ ಐದು ರೆಕ್ಕೆ. ಹೊನ್ನೆಯ ಕಾಯಿ ದುಂಡಗೆ, ಸುತ್ತಲೂ ತೆಳ್ಳನೆ ಅಂಚು, ನಡುವೆ ಬೀಜ. ಜಗಲಿಯ ಮೇಲೆ ನಿಂತು ಬಿಟ್ಟು ಯಾವುದು ಎಷ್ಟು ದೂರ ಹೋಯಿತು ಅಂತ ಅಳೆಯಿರಿ. ಆಮೇಲೆ ಅಂಚು ಕತ್ತರಿಸಿ ಬಿಡಿ. ರೆಕ್ಕೆ ಯಾಕೆ ಅಂತ ಬೋರ್ಡಿನ ಮೇಲೆ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಷಟ್ಕೋನಕ್ಕೆ ಜೇನಿನ ಎರಿಗಿಂತ ಒಳ್ಳೆಯದಿಲ್ಲ. ನಿಮ್ಮೂರಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟವರು ಖಂಡಿತಾ ಇರುತ್ತಾರೆ, ಹಳೆಯ ಖಾಲಿ ಎರಿ ಒಂದು ತುಂಡು ಕೇಳಿ ತನ್ನಿ. ನಾಲ್ಕು, ಐದನೇ ತರಗತಿಯವರಿಗೆ ರಟ್ಟಿನಲ್ಲಿ ಒಂದೇ ಅಳತೆಯ ವೃತ್ತ, ತ್ರಿಕೋನ, ಚೌಕ, ಪಂಚಕೋನ, ಷಟ್ಕೋನ ಕತ್ತರಿಸಲು ಹೇಳಿ, ಸಂದಿ ಬಿಡದೆ ಜೋಡಿಸಲಿ. ವೃತ್ತ ಸಂದಿ ಬಿಡುತ್ತದೆ, ಪಂಚಕೋನವೂ ಬಿಡುತ್ತದೆ. ಉಳಿಯುವುದು ಮೂರೇ. ಆ ಮೂರರಲ್ಲಿ ಅಷ್ಟೇ ಜಾಗಕ್ಕೆ ಕಡಿಮೆ ಗೋಡೆ ಸಾಕಾಗುವುದು ಷಟ್ಕೋನಕ್ಕೆ. ಒಂದು ಕಿಲೋ ಮೇಣ ಮಾಡಲು ಜೇನು ಹಲವು ಕಿಲೋ ಜೇನುತುಪ್ಪ ತಿನ್ನಬೇಕು, ಗೋಡೆ ಉಳಿದರೆ ತುಪ್ಪ ಉಳಿಯಿತು. ಬೇರೆ ಯಾವ ಆಕಾರವೂ ಇದಕ್ಕಿಂತ ಕಡಿಮೆ ಗೋಡೆಯಲ್ಲಿ ಆಗುವುದಿಲ್ಲ ಎಂದು ಗಣಿತದಲ್ಲಿ ಪೂರ್ತಿ ಸಾಧಿಸಿ ತೋರಿಸಿದ್ದು ಅಮೆರಿಕದ ಗಣಿತಜ್ಞ ಥಾಮಸ್ ಹೇಲ್ಸ್, 1999ರಲ್ಲಿ. ಆದರೆ ಕುಟುಕದ ಮಿಸ್ರಿ ಜೇನಿನ ಗೂಡು ಸಿಕ್ಕರೆ ಅದನ್ನೂ ತೋರಿಸಿ, ಅದು ತುಪ್ಪ ಇಡುವುದು ದುಂಡನೆಯ ಮಡಕೆಗಳಲ್ಲಿ. ಜೇನು ಅಂದರೆ ಷಟ್ಕೋನ ಅಂತ ಬಾಯಿಪಾಠ ಆಗಬಾರದು.

ಜನವರಿ–ಫೆಬ್ರವರಿಗೆ ಕೆರೆಯ ಅಂಚು ಒಣಗುತ್ತದೆ. ಮಣ್ಣು ಒಣಗಿ ಕುಗ್ಗಿದಾಗ ಬಿರುಕು ಬಿಡುತ್ತದೆ. ಮೊದಲ ಸಲ ಬಿರಿದಾಗ ಬಿರುಕುಗಳು ಹೆಚ್ಚಾಗಿ ಲಂಬವಾಗಿ, ಅಡ್ಡಗೆರೆಗೆ ಉದ್ದಗೆರೆ ಸೇರಿದ ಹಾಗೆ, ಕೂಡುತ್ತವೆ. ಒದ್ದೆಯಾಗಿ ಒಣಗಿ, ಮತ್ತೆ ಒದ್ದೆಯಾಗಿ ಒಣಗಿ ಮಾಡಿದರೆ ನಿಧಾನಕ್ಕೆ ಮೂರು ಬಿರುಕು ಸಮನಾಗಿ ಕೂಡುವ ಜಾಗಗಳು ಜಾಸ್ತಿಯಾಗಿ ಷಟ್ಕೋನದ ಕಡೆಗೆ ಹೋಗುತ್ತದೆ. ಶಾಲೆಯಲ್ಲೇ ಒಂದು ತಟ್ಟೆಯಲ್ಲಿ ಕೆರೆಮಣ್ಣು ಹಾಕಿ ಪದೇ ಪದೇ ಮಾಡಿ ನೋಡಬಹುದು. ಪ್ರವಾಸಕ್ಕೆ ಮಲ್ಪೆ ಕಡೆ ಹೋದರೆ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳನ್ನು ನೋಡಲಿ, ಬಿಸಿ ಲಾವಾ ತಣ್ಣಗಾಗಿ ಕುಗ್ಗುವಾಗ ಬಿರಿದು ಆದವು ಅವು, ಐದಾರು ಮೂಲೆಯವು.

ಇಷ್ಟೆಲ್ಲ ಆದ ಮೇಲೆ ಮಕ್ಕಳ ಮನೆಯಲ್ಲಿ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಅಜ್ಜಿ ಇದ್ದರೆ ಶಾಲೆಗೆ ಕರೆಸಿ. ನಿಮ್ಮ ಕಡೆ ದೀವರು ಸಮುದಾಯದ ಮನೆಗಳಲ್ಲಿ ಈ ಕಲೆ ಗೊತ್ತಿರುವವರು ಇನ್ನೂ ಇದ್ದಾರೆ. ಕೆಮ್ಮಣ್ಣಿನ ನೆಲ, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ರೈತರ ಹಬ್ಬ ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಬರೆಯುವುದೂ ಇದನ್ನೇ. ಒಂದೊಂದು ಗೆರೆಯನ್ನೂ ಅಜ್ಜಿ ಏನೆಂದು ಕರೆಯುತ್ತಾರೆ, ಅದು ಯಾವ ಬಳ್ಳಿ, ಯಾವ ಬೀಜ ನೋಡಿ ಬಂದದ್ದು ಅಂತ ಮಕ್ಕಳೇ ಕೇಳಿ ಬರೆದುಕೊಳ್ಳಲಿ. ಪ್ಲಾಸ್ಟಿಕ್ ತ್ರಿಕೋನಗಳನ್ನು ಕಪಾಟಿನಲ್ಲೇ ಇಡಿ.

ಪ್ರಶ್ನೆ: ಅಕ್ಕಾ, ನೀವು ಸಲೀಸಾಗಿ ಕಾಡಿಗೆ ಕಳಿಸಿ ಅಂತೀರಿ. ನಮ್ಮದು ತೀರ್ಥಹಳ್ಳಿ ಕಡೆ. ಉಂಬಳ, ಹಾವು, ಮಂಗನ ಕಾಯಿಲೆ ಎಲ್ಲ ಇರುವ ಜಾಗ. ಮಗ ಕಂಡ ಕಂಡ ಕಾಯಿ ಜೇಬಿಗೆ ಹಾಕಿಕೊಂಡು ಬರುತ್ತಾನೆ. ಧೈರ್ಯ ಹೇಗೆ ಬರಬೇಕು?
(ಒಬ್ಬ ತಾಯಿ, ತೀರ್ಥಹಳ್ಳಿ)

ಉತ್ತರ: ನಿಮ್ಮ ಭಯ ಸರಿಯಾದದ್ದೇ. ಒಂದೊಂದಾಗಿ ಹೇಳುತ್ತೇನೆ.

ಮಂಗನ ಕಾಯಿಲೆ ಮೊ­ದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇ ತನಕ ಹೆಚ್ಚು. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿನೊಳಗೆ ಕರೆದುಕೊಂಡು ಹೋಗಬೇಡಿ, ಅಷ್ಟೇ. ದರಕಿನ, ಅಂದರೆ ಒಣ ಎಲೆಯ, ರಾಶಿಯಲ್ಲಿ ಆಡುವುದು, ದರಕು ತರಲು ದೊಡ್ಡವರ ಜೊತೆ ಹೋಗುವುದೂ ಬೇಡ. ಮಂಗ ಸತ್ತು ಬಿದ್ದದ್ದು ಕಂಡರೆ ಆ ಕಡೆ ಸುಳಿಯದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಕಾಡಂಚಿಗೆ ಹೋಗಲೇಬೇಕಾದವರಿಗೆ ಹಚ್ಚಿಕೊಳ್ಳಲು ಇಲಾಖೆ ಉಣುಗು ದೂರ ಇಡುವ ಡೇಪಾ ಎಣ್ಣೆ ಕೊಡುತ್ತದೆ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿಸಿ, ಕಂಕುಳು, ಕಿವಿ ಹಿಂದೆ ನೋಡಿ. ಜ್ವರ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ ಕಾಡಿಗೆ ಹೋಗಿದ್ದನ್ನೂ ಹೇಳಿ.

ಕಾಯಿ ಜೇಬಿಗೆ ಹಾಕುವ ಹುಡುಗನಿಗೆ ಮೂರು ಗಿಡ ಕೈ ಹಿಡಿದು ತೋರಿಸಿಬಿಡಿ. ಕೆಂಪು ಮೈಗೆ ಕಪ್ಪು ಚುಕ್ಕೆಯ ಗುಲಗಂಜಿ, ಚೆನ್ನಾಗಿ ಕಾಣುತ್ತದೆ, ಅಗಿದರೆ ಜೀವಕ್ಕೇ ಅಪಾಯ. ಕಿತ್ತಳೆ ಬಣ್ಣದ ದುಂಡನೆಯ ಕಾಸರಕನ ಹಣ್ಣು, ಬೀಜ ಕಡು ವಿಷ. ಗೌರಿ ಹೂವಿನ ಗಿಡವೂ ವಿಷ, ಅದರಲ್ಲೂ ಗಡ್ಡೆ. ಇನ್ನು ಹೊಳಗೇರು ಮರದ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ, ಆ ಮರವನ್ನು ಊರಿನ ಹಿರಿಯರ ಹತ್ತಿರ ಕೇಳಿ ಗುರುತು ಮಾಡಿಕೊಳ್ಳಿ. ಹೆಸರು ಬೇಡ ಅಂತ ಮೇಲೆ ಬರೆದಿದ್ದೇನೆ, ಇವಕ್ಕೆ ಮಾತ್ರ ಹೆಸರೂ ಬೇಕು, ಗುರುತೂ ಬೇಕು. ಬಸವನಹುಳು ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಲೇಬೇಕು.

ಹಾವಿಗೆ ಒಂದೇ ನಿಯಮ, ಕಾಣದ ಜಾಗಕ್ಕೆ ಕೈ ಕಾಲು ಹಾಕುವುದು ಬೇಡ, ಕಲ್ಲು ಎತ್ತುವುದು ಬೇಡ. ಉಂಬಳಕ್ಕೆ ಉಪ್ಪಿನ ಪೊಟ್ಟಣ ಸಾಕು ಅನ್ನುವುದು ನಿಮಗೆ ನಾನು ಹೇಳಬೇಕೇ?

ಇಷ್ಟು ಹೇಳಿದ್ದು ಕಾಡಿನ ಮಾತಾಯಿತು. ನಿಮ್ಮ ಮನೆಯ ಹಿತ್ತಲು, ಗದ್ದೆ ಬದು, ಬಾವಿಕಟ್ಟೆಯ ಜರಿಗಿಡ ಇವೆಲ್ಲ ಇವೆಯಲ್ಲ. ಬಾವಿಯ ಹತ್ತಿರ ನೀವು ಜೊತೆಗಿರಬೇಕು ಅಷ್ಟೇ. ಎಳೆಯ ಜರಿ ಎಲೆ ಬಿಗಿಯಾಗಿ ಸುರುಳಿ ಸುತ್ತಿಕೊಂಡಿರುತ್ತದೆ, ತುದಿಯ ಎಳೆಯ ಭಾಗ ಒಳಗೆ ಜೋಪಾನ. ದಿನಾ ಒಂದೇ ಎಲೆಯ ಹತ್ತಿರ ಹೋಗಿ ಎಷ್ಟು ಬಿಚ್ಚಿತು ಅಂತ ಚಿತ್ರ ಬರೆಯಲಿ. ಬಿಚ್ಚಿದ ಮೇಲೆ ದೊಡ್ಡ ಎಲೆಯ ಒಂದು ಕವಲು ಇಡೀ ಎಲೆಯ ಆಕಾರದಲ್ಲೇ ಇರುತ್ತದೆ, ಅದೂ ನೋಡಲಿ. ಎಲೆಯ ಅಡಿ ಬೆಳ್ಳಗಿರುವ ಜರಿ ಸಿಕ್ಕರೆ ಕೈಮೇಲೆ ಇಟ್ಟು ಒತ್ತಿ ತೆಗೆಯಿರಿ, ಬಿಳಿ ಅಚ್ಚು ಮೂಡುತ್ತದೆ. ನೀವೂ ಚಿಕ್ಕವರಿದ್ದಾಗ ಮಾಡಿರುತ್ತೀರಿ.

ಪ್ರಶ್ನೆ: ಜೇಡ ತನ್ನ ಬಲೆಗೆ ತಾನೇ ಯಾಕೆ ಅಂಟಿಕೊಳ್ಳಲ್ಲ? ನಮ್ಮ ಮನೆ ಹತ್ತಿರ ಕೈಯಷ್ಟು ದೊಡ್ಡ ಜೇಡ ಇದೆ, ಬಲೆ ಹಳದಿ.
(ನಾಲ್ಕನೇ ತರಗತಿ ಹುಡುಗಿ, ಕಾರ್ಗಲ್)

ಉತ್ತರ: ಪುಟ್ಟಿ, ಬಲೆಯ ಎಲ್ಲ ಎಳೆಯೂ ಅಂಟಲ್ಲ! ನಡುವಿನಿಂದ ಹೊರಗೆ ಹೋಗುವ ನೇರ ಎಳೆಗಳು ಇವೆಯಲ್ಲ, ಅವು ಅಂಟುವುದಿಲ್ಲ. ಸುತ್ತ ಸುತ್ತ ಬರುವ ಸುರುಳಿಯ ಎಳೆಯಲ್ಲಿ ಮಾತ್ರ ಅಂಟು. ಜೇಡ ಹೆಚ್ಚಾಗಿ ನೇರ ಎಳೆಗಳ ಮೇಲೆ ಓಡಾಡುತ್ತದೆ. ಅದರ ಕಾಲಿನಲ್ಲಿ ಸಣ್ಣ ಕೂದಲು ಇವೆ, ಅಂಟು ಹಿಡಿಯದ ಲೇಪವೂ ಇದೆ, ಹಾಗಾಗಿ ಅಂಟಿನ ಎಳೆ ಮುಟ್ಟಿದರೂ ಬಿಡಿಸಿಕೊಳ್ಳುತ್ತದೆ.

ಬಲೆ ಕಟ್ಟುವಾಗ ಮೊದಲು ಚೌಕಟ್ಟು, ಆಮೇಲೆ ನೇರ ಎಳೆಗಳು, ಆಮೇಲೆ ನಡೆಯಲು ಒಂದು ಅಂಟಿಲ್ಲದ ಸುರುಳಿ, ಕಡೆಗೆ ಹೊರಗಿನಿಂದ ಒಳಗೆ ಅಂಟಿನ ಸುರುಳಿ. ನೀನು ನೋಡಿದ್ದು ಕಾಡಿನ ದೊಡ್ಡ ಜೇಡ ಇರಬೇಕು, ಅದರ ನೂಲೇ ಹಳದಿ. ದೊಡ್ಡದಿರುವುದು ಹೆಣ್ಣು. ಅದೇ ಬಲೆಯ ಅಂಚಿನಲ್ಲಿ ಪುಟಾಣಿ ಜೇಡ ಕೂತಿದೆಯಾ ಹುಡುಕು, ಅದು ಗಂಡು. ಮುಟ್ಟಬೇಡ, ಬಲೆ ಹರಿಯಬೇಡ. ಬೆಳಿಗ್ಗೆ ಇಬ್ಬನಿ ಬಿದ್ದಿರುವಾಗ ಹೋಗಿ ನೋಡು, ಯಾವ ಎಳೆಯ ಮೇಲೆ ಹನಿ ಸಾಲಾಗಿ ಜಾಸ್ತಿ ನಿಂತಿದೆ, ಯಾವುದರ ಮೇಲೆ ಕಡಿಮೆ? ನೇರ ಎಳೆ ಎಷ್ಟಿವೆ ಎಣಿಸಿ, ಚಿತ್ರ ಬರೆದು ನನಗೆ ಕಳಿಸು.